ಕೊಟ್ಟಿಗೆಯಿಂದ ಗಾಳಿಗೆ ಹೋಗುವ ಗೊಬ್ಬರ

ಮಾನ್ಯ ಸಂಪಾದಕರಿಗೆ,

ಮುಂಗಾರು ಹಿಡಿದೊಡನೆ ಯೂರಿಯಾ ಅಭಾವದ ಸುದ್ದಿ ಜಿಲ್ಲಾ ಪುಟಗಳಲ್ಲಿ ಕಾಣಿಸಿಕೊಳ್ಳುವುದು ವಾಡಿಕೆಯೇ ಆಗಿಬಿಟ್ಟಿದೆ. ಬನವಾಸಿ, ಮುಂಡಗೋಡ, ಹಳಿಯಾಳದ ಕಡೆಯ ಭತ್ತ ಮತ್ತು ಗೋವಿನಜೋಳದ ರೈತರು ಸೊಸೈಟಿಯ ಮುಂದೆ ಸಾಲು ನಿಲ್ಲುವ ಚಿತ್ರ ಒಂದು ಪುಟದಲ್ಲಿದ್ದರೆ, ಹೈನುಗಾರಿಕೆಗೆ ಸಿಗುವ ಸಾಲ ಸಹಾಯಧನಗಳ ವಿವರ ಮತ್ತೊಂದು ಪುಟದಲ್ಲಿರುತ್ತದೆ. ಈ ಎರಡಕ್ಕೂ ಇರುವ ನಂಟನ್ನು ಯಾರೂ ಎತ್ತಿ ಆಡಿದ್ದನ್ನು ನಾನು ಕಂಡಿಲ್ಲ. ಶಿರಸಿ ಸೀಮೆಯ ಯಾವುದೇ ಹೊಸ ಮಾದರಿಯ ಕೊಟ್ಟಿಗೆಗೆ ಬೆಳಗಿನ ಜಾವ ಕಾಲಿಟ್ಟರೆ ಮೂಗಿಗೆ ಅಡರಿ ಕಣ್ಣಲ್ಲಿ ನೀರು ತರಿಸುವ ಆ ಘಾಟು ಅಮೋನಿಯಾ. ಅಂದರೆ ತೋಟಕ್ಕೆ ಸೇರಬೇಕಾಗಿದ್ದ ಸಾರಜನಕವು ಗಾಳಿಗೆ ಸೇರುತ್ತಿದೆ ಎಂಬುದರ ಸೂಚನೆ. ಈ ನಷ್ಟವನ್ನು ತಡೆಯಲು ನಮ್ಮ ಜಿಲ್ಲೆಯಲ್ಲಿ ದೊಡ್ಡ ಯಂತ್ರಗಳು ಬೇಕಾಗಿಲ್ಲ, ಗಂಜಲಕ್ಕೊಂದು ಸರಿಯಾದ ಕಾಲುವೆ ಮತ್ತು ಮುಚ್ಚಿದ ತೊಟ್ಟಿ ಸಾಕು, ಆದರೆ ಸಹಾಯಧನ ಕೊಡುವವರೂ ಕೊಟ್ಟಿಗೆ ಕಟ್ಟುವವರೂ ಅದನ್ನೇ ಬಿಟ್ಟುಬಿಡುತ್ತಿದ್ದಾರೆ ಎಂಬುದನ್ನು ಹೇಳಲು ಈ ಪತ್ರ.

ಮೊದಲು ಕೊಟ್ಟಿಗೆಯಲ್ಲಿ ನಡೆಯುವುದೇನು ಎಂಬುದನ್ನು ತಿಳಿಯಬೇಕು. ಹಸು ತಿಂದ ಮೇವು ಮತ್ತು ಹಿಂಡಿಯಲ್ಲಿರುವ ಸಾರಜನಕದ ಕಾಲು ಭಾಗದಷ್ಟು ಮಾತ್ರ ಹಾಲಿನಲ್ಲಿ ಹೊರಬರುತ್ತದೆ. ಉಳಿದದ್ದು ಸಗಣಿ ಮತ್ತು ಗಂಜಲದಲ್ಲಿ ಹೋಗುತ್ತದೆ. ಸಗಣಿಯಲ್ಲಿರುವ ಸಾರಜನಕ ಸುಲಭಕ್ಕೆ ಕಳೆದುಹೋಗುವಂಥದ್ದಲ್ಲ, ಅದು ನಿಧಾನವಾಗಿ ಕೊಳೆತು ಬಿಡುಗಡೆಯಾಗುತ್ತದೆ. ಗಂಜಲದಲ್ಲಿರುವುದು ಬಹುಪಾಲು ಯೂರಿಯಾ, ಚೀಲದಲ್ಲಿ ಬರುವ ಯೂರಿಯಾಕ್ಕೂ ಅದಕ್ಕೂ ರಾಸಾಯನಿಕವಾಗಿ ಏನೂ ವ್ಯತ್ಯಾಸವಿಲ್ಲ. ಗಂಜಲ ಹಸುವಿನ ದೇಹದಿಂದ ಹೊರಬಿದ್ದಾಗ ಅದರಲ್ಲಿ ಅಮೋನಿಯಾ ಹೆಚ್ಚುಕಡಿಮೆ ಇರುವುದೇ ಇಲ್ಲ. ಅದು ಸಗಣಿಯೊಡನೆ ಬೆರೆತಾಗ ಸಗಣಿಯ ಸೂಕ್ಷ್ಮಜೀವಿಗಳಲ್ಲಿರುವ ಯೂರಿಯೇಸ್ ಎಂಬ ಕಿಣ್ವವು ಯೂರಿಯಾವನ್ನು ಒಡೆದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿಸುತ್ತದೆ, ಮತ್ತು ನಮ್ಮ ಸೆಕೆಯ ಹವೆಯಲ್ಲಿ ಈ ಕ್ರಿಯೆ ಕೆಲವೇ ಗಂಟೆಗಳಲ್ಲಿ ಆರಂಭವಾಗಿ ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಮುಗಿದುಹೋಗುತ್ತದೆ. ಹಾಗೆ ಒಡೆಯುವಾಗಲೇ ದ್ರವದ ಕ್ಷಾರತೆಯೂ ಏರುತ್ತದೆ. ಆ ಕ್ಷಾರತೆಯ ಅಳತೆಯಾದ ಪಿಎಚ್ 7ರಿಂದ 8ಕ್ಕೆ ಏರಿದರೆ ದ್ರವದಿಂದ ಹಾರಿಹೋಗಬಲ್ಲ ಅನಿಲರೂಪದ ಅಮೋನಿಯಾದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಬಿಸಿಲು, ಗಾಳಿ ಮತ್ತು ಹರಡಿಕೊಂಡ ಒದ್ದೆ ನೆಲ ಇವು ಮೂರೂ ಸೇರಿದರೆ ಉಳಿದ ಕೆಲಸ ತಾನಾಗಿ ಆಗುತ್ತದೆ. ಆದ್ದರಿಂದ ಅಮೋನಿಯಾ ತಡೆಯುವ ಎಲ್ಲ ಉಪಾಯಗಳ ಬೇರು ಇರುವುದು ಒಂದೇ ಕಡೆ: ಗಂಜಲ ಸಗಣಿಯೊಡನೆ ಬೆರೆಯುವ ಮೊದಲು ಬೇಗ ಹರಿದು ಹೋಗಬೇಕು, ಹರಿದು ಹೋದ ಮೇಲೆ ಗಾಳಿಗೆ ತೆರೆದಿರಬಾರದು.

ಇದರ ಲೆಕ್ಕವನ್ನು ನಮ್ಮ ಅಡಿಕೆ ತೋಟಕ್ಕೆ ಹೊಂದಿಸಿ ನೋಡಿದರೆ ವಿಷಯದ ತೂಕ ತಿಳಿಯುತ್ತದೆ. ಮಿಶ್ರತಳಿಯ ಹಸು ದಿನಕ್ಕೆ 10 ಲೀಟರಿನ ಆಸುಪಾಸು ಗಂಜಲ ಬಿಡುತ್ತದೆ ಎಂದೂ, ಲೀಟರಿಗೆ 7 ಗ್ರಾಂ ಸಾರಜನಕ ಇರುತ್ತದೆ ಎಂದೂ ಸಾಧಾರಣ ಅಂದಾಜು ಹಿಡಿಯೋಣ. ವರ್ಷಕ್ಕೆ ಒಂದು ಹಸುವಿನ ಗಂಜಲದಲ್ಲಿಯೇ ಸುಮಾರು 25 ಕೆ.ಜಿ. ಸಾರಜನಕ ಆಗುತ್ತದೆ. ಯೂರಿಯಾದಲ್ಲಿ ಸಾರಜನಕ ಇರುವುದು ಶೇ. 46, 45 ಕೆ.ಜಿ.ಯ ಒಂದು ಚೀಲದಲ್ಲಿ 20 ಕೆ.ಜಿ. ಮೇಲೆ ಸ್ವಲ್ಪ. ಅಂದರೆ ಒಂದು ಹಸು ವರ್ಷಕ್ಕೆ ಒಂದೂಕಾಲು ಚೀಲ ಯೂರಿಯಾಕ್ಕೆ ಸಮನಾದದ್ದನ್ನು ಕೊಟ್ಟಿಗೆಯ ನೆಲಕ್ಕೆ ಸುರಿಯುತ್ತದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಬೇಕೆಂಬ ಶಿಫಾರಸು ಬೆಳೆಗಾರರೆಲ್ಲರಿಗೂ ಗೊತ್ತಿರುವುದೇ. 2.7 ಮೀಟರ್ ಅಂತರದಲ್ಲಿ ನೆಟ್ಟ ಎಕರೆ ತೋಟದಲ್ಲಿ ಸುಮಾರು 550 ಮರಗಳಿದ್ದರೆ ಬೇಕಾಗುವ ಸಾರಜನಕ 55 ಕೆ.ಜಿ. ಎರಡು ಹಸುಗಳ ಗಂಜಲ ಪೂರ್ತಿ ಮರದ ಬುಡ ಸೇರಿದರೆ ಎಕರೆಯ ಅಗತ್ಯ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು, ಸಗಣಿಯದ್ದು ಅದರ ಮೇಲೆ. ಆದರೆ ತೆರೆದ ಸಿಮೆಂಟ್ ನೆಲ, ತೆರೆದ ಗುಂಡಿ, ಆಮೇಲೆ ತೋಟದಲ್ಲಿ ಮೇಲುಮೇಲೆ ಎರಚುವಿಕೆ, ಹೀಗೆ ಹಂತಹಂತದಲ್ಲಿ ಸೋರಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಹಾರಿಹೋಗುವುದು ಅಪರೂಪವಲ್ಲ.

ಸರ್ಕಾರದ ಸಬ್ಸಿಡಿಯ ಕಾರಣ ಯೂರಿಯಾ ಚೀಲಕ್ಕೆ ರೈತ ಕೊಡುವುದು ಸುಮಾರು 266 ರೂಪಾಯಿ ಮಾತ್ರ, ಅಷ್ಟಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ತಪ್ಪಲ್ಲ, ಬೆಲೆ ಅಗ್ಗವಾಗಿರುವುದರಿಂದಲೇ ನಷ್ಟ ಯಾರ ಕಣ್ಣಿಗೂ ಬೀಳುತ್ತಿಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಲ್ಲಿ ಬಹಳ ಮಂದಿ ಯೂರಿಯಾ ಹಾಕುವುದಿಲ್ಲ. ಬಯಲುಸೀಮೆಯಿಂದ ಲಾರಿಯಲ್ಲಿ ಬರುವ ಕುರಿಗೊಬ್ಬರವನ್ನೋ, ಬೇವಿನ ಹಿಂಡಿಯನ್ನೋ, ಕೋಳಿಗೊಬ್ಬರವನ್ನೋ ಕೊಳ್ಳುತ್ತಾರೆ. ಅವುಗಳಲ್ಲಿ ಕೆ.ಜಿ. ಸಾರಜನಕಕ್ಕೆ ಬೀಳುವ ಬೆಲೆಯನ್ನು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿದವರು ಕೊಟ್ಟಿಗೆಯ ಘಾಟನ್ನು ಮೊದಲಿನಷ್ಟು ಸಲೀಸಾಗಿ ಸಹಿಸಿಕೊಳ್ಳಲಾರರು. ಊರಿನ ಗೊಬ್ಬರವನ್ನು ಗಾಳಿಗೆ ಬಿಟ್ಟು ಪರಊರಿನ ಗೊಬ್ಬರಕ್ಕೆ ಲಾರಿ ಬಾಡಿಗೆ ಕೊಡುವುದು ನನ್ನ ಮಟ್ಟಿಗೆ ವಿಚಿತ್ರ ವ್ಯವಹಾರವೇ.

ನಮ್ಮ ಹಿರಿಯರ ಕೊಟ್ಟಿಗೆಯಲ್ಲಿ ಈ ನಷ್ಟ ಈಗಿನಷ್ಟು ಇರಲಿಲ್ಲ. ಮಳೆಗಾಲದಲ್ಲಿ ಬೆಟ್ಟದಿಂದ ಕೊಯ್ದು ತಂದ ಹಸಿ ಸೊಪ್ಪು, ಬೇಸಿಗೆಯಲ್ಲಿ ಗುಡಿಸಿ ತಂದ ದರಕು, ಅಂದರೆ ಒಣ ಎಲೆ, ದಿನವೂ ದನದ ಕಾಲಬುಡಕ್ಕೆ ಬೀಳುತ್ತಿತ್ತು. ಆ ಎಲೆಯ ಹಾಸು ಗಂಜಲವನ್ನು ಹೀರಿಕೊಳ್ಳುತ್ತಿತ್ತು, ಗಾಳಿಗೆ ತಾಗುವ ಒದ್ದೆ ಮೇಲ್ಮೈಯನ್ನು ಮುಚ್ಚುತ್ತಿತ್ತು, ಎಲೆಯಲ್ಲಿ ಇಂಗಾಲ ಹೇರಳವಾಗಿದ್ದುದರಿಂದ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಬೆಳವಣಿಗೆಗೆ ಬೇಕಾದ ಸಾರಜನಕವನ್ನು ಆ ಗಂಜಲದಿಂದಲೇ ಹಿಡಿದಿಟ್ಟುಕೊಳ್ಳುತ್ತಿದ್ದವು. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಸೊಪ್ಪು ಕೊಯ್ಯಲು ಬಿಟ್ಟ ಕಾಡಿನ, ಸವಲತ್ತು ಈ ಜಿಲ್ಲೆಗೆ ಬ್ರಿಟಿಷರ ಕಾಲದಿಂದ ಬಂದದ್ದರ ಹಿಂದೆ ಇದ್ದುದು ಇದೇ ಗೊಬ್ಬರದ ಅಗತ್ಯ. ಹಿರಿಯರಿಗೆ ಅಮೋನಿಯಾದ ಸೂತ್ರ ಗೊತ್ತಿರಬೇಕಾಗಿರಲಿಲ್ಲ, ಸೊಪ್ಪು ಕಡಿಮೆ ಬಿದ್ದ ದಿನ ಕೊಟ್ಟಿಗೆ ನಾರುತ್ತದೆ ಮತ್ತು ಆ ಗೊಬ್ಬರಕ್ಕೆ ಕಸುವಿಲ್ಲ ಎಂಬುದು ಗೊತ್ತಿದ್ದರೆ ಸಾಕಾಗಿತ್ತು. ಜೊತೆಗೆ ಆಗಿನ ದನ ಮಲೆನಾಡು ಗಿಡ್ಡ. ಹಗಲೆಲ್ಲ ಬೆಟ್ಟದಲ್ಲಿ ಮೇಯುತ್ತಿದ್ದುದರಿಂದ ಅದರ ಗಂಜಲದಲ್ಲಿ ಬಹುಪಾಲು ಮಣ್ಣಿನ ಮೇಲೆಯೇ ಬಿದ್ದು ಇಂಗಿಹೋಗುತ್ತಿತ್ತು. ನಮ್ಮ ಜಂಬಿಟ್ಟಿಗೆಯ ಮಣ್ಣು ಹುಳಿಯಾದ್ದರಿಂದ ಅಮೋನಿಯಾವನ್ನು ಅಮೋನಿಯಂ ಆಗಿಸುತ್ತದೆ, ಆ ರೂಪದಲ್ಲಿ ಅದು ಗಾಳಿಗೆ ಹಾರುವುದಿಲ್ಲ.

ಈ ಪದ್ಧತಿ ಏಕೆ ಬಿಟ್ಟುಹೋಯಿತು ಎಂಬುದಕ್ಕೆ ಸೋಮಾರಿತನವನ್ನು ದೂರುವವರ ಗುಂಪಿಗೆ ನಾನು ಸೇರಿದವನಲ್ಲ. ಸೊಪ್ಪು ಕೊಯ್ಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಪೂರೈಸುವುದಿಲ್ಲ, ಬೆಟ್ಟಗಳೂ ಬೋಳಾಗಿವೆ. ಹಾಲು ಕರೆಯುವ ಯಂತ್ರ, ರಬ್ಬರ್ ಮ್ಯಾಟ್, ಒತ್ತಡದ ನೀರಿನ ಪೈಪು ಬಂದ ಮೇಲೆ ಮೂರು ಹಸುಗಳನ್ನು ಒಬ್ಬಳೇ ಹೆಂಗಸು ನಿಭಾಯಿಸುವುದು ಸಾಧ್ಯವಾಗಿದೆ ಎಂಬುದು ಸಣ್ಣ ಮಾತಲ್ಲ. ಇನ್ನೊಂದು ಕಾರಣವೂ ಇದೆ, ಅದು ಸ್ವಲ್ಪ ಸೂಕ್ಷ್ಮವಾದದ್ದು: ಗೋಬರ್ ಗ್ಯಾಸ್. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಗೋಬರ್ ಗ್ಯಾಸ್ ಸ್ಥಾವರಗಳ ಪ್ರಸಾರದಲ್ಲಿ ಶಿರಸಿಯನ್ನು ಯಶೋಗಾಥೆ ಎಂದೇ ದಾಖಲಿಸಿತ್ತು. ದೇಶದ ಬೇರೆಡೆ ಕಟ್ಟಿದ ಸ್ಥಾವರಗಳು ಪಾಳು ಬಿದ್ದ ಕಾಲದಲ್ಲಿ ಇಲ್ಲಿಯವು ಉರಿಯುತ್ತಲೇ ಇದ್ದವು. ಅಡುಗೆಮನೆಯಿಂದ ಹೊಗೆಯನ್ನೂ, ಕಾಡಿನಿಂದ ಸೌದೆಯ ಹೊರೆಯನ್ನೂ ಇಳಿಸಿದ ಆ ಕ್ರಾಂತಿಯ ಬಗ್ಗೆ ನನಗೆ ಗೌರವವೇ ಇದೆ. ಆದರೆ ಸ್ಥಾವರಕ್ಕೆ ಸೊಪ್ಪು ಬೆರೆತ ಸಗಣಿ ಆಗದು, ಬರಿಯ ಸಗಣಿಯೇ ಬೇಕು. ಹಾಗಾಗಿ ಕೊಟ್ಟಿಗೆಯಿಂದ ಸೊಪ್ಪು ಹೊರಟಿತು, ಅದರ ಜಾಗಕ್ಕೆ ಸಿಮೆಂಟ್ ಬಂತು.

ಸ್ಥಾವರದಿಂದ ಹೊರಬರುವ ಸ್ಲರಿಯ, ಅಂದರೆ ಸಗಣಿ ನೀರಿನ, ವಿಚಾರದಲ್ಲಿ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಗ್ಯಾಸ್ ತೆಗೆದ ಮೇಲೆ ಸ್ಲರಿ ಹೆಚ್ಚು ವಾಸನೆ ಬರುವುದಿಲ್ಲವಾದ್ದರಿಂದ ಅದರಿಂದ ಏನೂ ಹಾರುತ್ತಿಲ್ಲ ಎಂದು ನಂಬಿದವರೇ ಹೆಚ್ಚು. ವಾಸ್ತವ ಇದಕ್ಕೆ ತದ್ವಿರುದ್ಧ. ಸ್ಥಾವರದೊಳಗೆ ಸಗಣಿಯ ಸಾವಯವ ಸಾರಜನಕದ ಒಂದು ಪಾಲು ಅಮೋನಿಯಂ ಆಗಿ ಮಾರ್ಪಟ್ಟಿರುತ್ತದೆ, ಪಿಎಚ್ ಕೂಡ ಏರಿರುತ್ತದೆ. ಗಿಡ ತಕ್ಷಣ ಹೀರಿಕೊಳ್ಳಬಲ್ಲ ಒಳ್ಳೆಯ ಗೊಬ್ಬರವೇನೋ ಹೌದು, ಆದರೆ ಅಷ್ಟೇ ಬೇಗ ಹಾರಿಹೋಗಬಲ್ಲ ಗೊಬ್ಬರವೂ ಹೌದು. ಅಂಥ ಸ್ಲರಿಯನ್ನು ಅಂಗಳದಾಚೆಯ ಅಗಲವಾದ, ಆಳವಿಲ್ಲದ ತೆರೆದ ಗುಂಡಿಗೆ ಬಿಟ್ಟು ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಒಣಗಿಸಿ, ಒಣಗಿದ ಹೆಂಟೆಯನ್ನು ತೋಟಕ್ಕೆ ಹೊರುವುದು ನಮ್ಮ ಬಹಳಷ್ಟು ಮನೆಗಳ ಕ್ರಮ. ಬಿಸಿ ಹಾಲನ್ನು ಅಗಲ ತಟ್ಟೆಗೆ ಸುರಿದರೆ ಬೇಗ ಆರುವಂತೆ, ಗುಂಡಿಯ ಬಾಯಿ ಅಗಲವಾದಷ್ಟೂ ಅಮೋನಿಯಾ ಬೇಗ ಹೋಗುತ್ತದೆ. ಒಣಗುವ ಹೊತ್ತಿಗೆ ಅಮೋನಿಯಂ ರೂಪದಲ್ಲಿದ್ದ ಸಾರಜನಕದಲ್ಲಿ ದೊಡ್ಡ ಪಾಲು ಉಳಿದಿರುವುದಿಲ್ಲ. ತೋಟಕ್ಕೆ ಹೊತ್ತದ್ದು ನಾರು ಮತ್ತು ಉಳಿದ ಸಾವಯವ ಅಂಶ. ಅದಕ್ಕೂ ಬೆಲೆ ಇದೆ, ಆದರೆ ನಾವು ಅಂದುಕೊಂಡಷ್ಟಲ್ಲ.

ಇದಕ್ಕೆ ಪರಿಹಾರ ಗ್ಯಾಸ್ ನಿಲ್ಲಿಸುವುದಲ್ಲ. ಸ್ಲರಿ ಗುಂಡಿಯನ್ನು ಬಾಯಿ ಕಿರಿದಾಗಿ, ಆಳವಾಗಿ ತೋಡಿ ಮೇಲೆ ಮಾಡು (ಛಾವಣಿ) ಹಾಕುವುದು. ಸೊಪ್ಪನ್ನು ದನದ ಕಾಲಡಿಗೆ ಹಾಕಲಾಗದಿದ್ದರೆ ಅದನ್ನೇ ಗುಂಡಿಯಲ್ಲಿ ಸ್ಲರಿಯೊಡನೆ ಪದರಪದರವಾಗಿ ಸೇರಿಸುವುದು. ದರಕು ಸಾಲದಿದ್ದರೆ ಪ್ರತಿ ಮನೆಯ ಹಿಂದೆ ರಾಶಿ ಬಿದ್ದಿರುವ ಅಡಿಕೆ ಸಿಪ್ಪೆ ಇದೆ, ತೋಟದಲ್ಲಿ ಉದುರಿದ ಸೋಗೆ ಇದೆ. ಶೀಟಿಗೆ ಖರ್ಚು ಬೇಡವೆನ್ನುವವರು ಗುಂಡಿಯ ಮೇಲೆ ಸೋಗೆಯ ದಪ್ಪ ಹೊದಿಕೆ ಹಾಕಿದರೂ ಬಿಸಿಲು ಗಾಳಿ ತಪ್ಪಿ ನಷ್ಟ ಬಹಳಷ್ಟು ಕಡಿಮೆಯಾಗುತ್ತದೆ. ಯುರೋಪಿನ ದೇಶಗಳು ಅನುಸರಿಸುವ ವಿಶ್ವಸಂಸ್ಥೆಯ ಮಾರ್ಗದರ್ಶಿಯ ಪ್ರಕಾರ ಸ್ಲರಿ ತೊಟ್ಟಿಗೆ ಭದ್ರವಾದ ಮುಚ್ಚಳ ಹಾಕಿದರೆ ಅಮೋನಿಯಾ ಸೋರಿಕೆ ಶೇ. 80ರಷ್ಟು ಇಳಿಯುತ್ತದೆ, ಮೇಲೆ ತಾನಾಗಿ ಗಟ್ಟಿ ಕೆನೆ ಕಟ್ಟಿದರೂ ಶೇ. 40ರಷ್ಟು ಇಳಿಯುತ್ತದೆ. ತೋಟಕ್ಕೆ ಹಾಕುವಾಗಲೂ ಮಧ್ಯಾಹ್ನದ ಬಿಸಿಲಿಗೆ ಮರದ ಬುಡದ ಸುತ್ತ ಎರಚದೆ, ಸಂಜೆ ಹೊತ್ತು ಬುಡದ ಹೊದಿಕೆಯನ್ನು ಸರಿಸಿ ಮಣ್ಣಿಗೆ ತಾಗುವಂತೆ ಹೊಯ್ದು ಮತ್ತೆ ಮುಚ್ಚಬೇಕು. ಗಂಜಲವಾದರೆ ಏಳೆಂಟು ಪಾಲು ನೀರು ಬೆರೆಸಿ ಹೊಯ್ದಲ್ಲಿ ನೀರಿನೊಡನೆ ಕೆಳಗಿಳಿದು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಮಣ್ಣಿಗಿಂತ ಒಳ್ಳೆಯ ಮುಚ್ಚಳ ಬೇರೊಂದಿಲ್ಲ.

ಸುಣ್ಣದ ವಿಷಯ ಇಲ್ಲಿ ಹೇಳಲೇಬೇಕು. ವಾಸನೆ ಹೋಗಲಿ, ನೊಣ ಹೋಗಲಿ ಎಂದು ಗೊಬ್ಬರದ ಗುಂಡಿಗೆ, ಕೊಟ್ಟಿಗೆಯ ಒದ್ದೆ ನೆಲಕ್ಕೆ ಸುಣ್ಣ ಅಥವಾ ಒಲೆಯ ಬೂದಿ ಎರಚುವ ಅಭ್ಯಾಸ ಊರೂರಲ್ಲಿ ಇದೆ. ಎರಡೂ ಕ್ಷಾರ, ಗೊಬ್ಬರದಲ್ಲಿ ಶಾಂತವಾಗಿ ಕುಳಿತ ಅಮೋನಿಯಂ ಅನ್ನು ಅವು ಅಮೋನಿಯಾವಾಗಿಸಿ ಹೊರಗೆ ಅಟ್ಟುತ್ತವೆ. ಸುಣ್ಣ ಹಾಕಿದ ಸ್ವಲ್ಪ ಹೊತ್ತಿಗೆ ಘಾಟು ಜೋರಾಗಿ ಬಂದು ಕೆಲವು ದಿನಗಳಲ್ಲಿ ಇಲ್ಲವಾದರೆ ಜನ ಗುಣವಾಯಿತೆಂದು ತಿಳಿಯುತ್ತಾರೆ, ನಿಜವಾಗಿ ಆದದ್ದು ಗೊಬ್ಬರದ ಕಸುವು ಖಾಲಿಯಾದದ್ದು. ಹುಳಿಮಣ್ಣಿನ ನಮ್ಮ ತೋಟಗಳಿಗೆ ಸುಣ್ಣ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ, ಆದರೆ ಸುಣ್ಣ ಹಾಕುವ ದಿನಕ್ಕೂ ಗೊಬ್ಬರ ಹಾಕುವ ದಿನಕ್ಕೂ ಕೆಲವು ವಾರಗಳ ಅಂತರ ಇರಬೇಕು. ಗುಂಡಿಗೆ ಏನಾದರೂ ಎರಚಲೇಬೇಕೆಂದಿದ್ದರೆ ಸೂಪರ್ ಫಾಸ್ಫೇಟ್ ಎರಚಬಹುದು. ಅದರಲ್ಲಿರುವ ಆಮ್ಲೀಯ ಫಾಸ್ಫೇಟ್ ಮತ್ತು ಜಿಪ್ಸಂ ಅಮೋನಿಯಾವನ್ನು ಲವಣವಾಗಿ ಕಟ್ಟಿಹಾಕುತ್ತವೆ, ಗೊಬ್ಬರಕ್ಕೆ ರಂಜಕವೂ ಸೇರುತ್ತದೆ. ದನ ನೆಕ್ಕುವಲ್ಲಿ ಮಾತ್ರ ಅದನ್ನು ಹಾಕಬಾರದು.

ಘಟ್ಟದ ಕೆಳಗೆ, ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರದ ಕರಾವಳಿ ಪಟ್ಟಿಯಲ್ಲಿ ಮರಳುಮಣ್ಣು ಹೆಚ್ಚು. ಮರಳಿಗೆ ಅಮೋನಿಯಂ ಹಿಡಿದಿಡುವ ಶಕ್ತಿ ಕಡಿಮೆ. ಮೇಲೆ ಹೊಯ್ದದ್ದು ಬೇಸಿಗೆಯಲ್ಲಿ ಹಾರಿಹೋಗುತ್ತದೆ, ಮಳೆಗಾಲದಲ್ಲಿ ನೈಟ್ರೇಟ್ ಆಗಿ ಬಾವಿಯ ಕಡೆಗೆ ಇಳಿಯುತ್ತದೆ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುವ ಕಡೆ ಮೇಲೆ ಮಾಡು ಇಲ್ಲದ ಗೊಬ್ಬರ ಗುಂಡಿ ಎಂದರೆ ಗೊಬ್ಬರವನ್ನು ತೊಳೆದು ಹಳ್ಳಕ್ಕೆ ಬಿಡುವ ವ್ಯವಸ್ಥೆಯೇ ಸರಿ. ಅಲ್ಲಿಯವರಿಗೆ ತೆಂಗಿನ ನಾರಿನ ಪುಡಿ ಅನುಕೂಲದ ವಸ್ತು. ಗಂಜಲವನ್ನು ಹೀರುವುದರಲ್ಲಿ ದರಕಿಗಿಂತ ಅದು ಮೇಲು. ತೆಂಗಿನ ಬುಡದ ಪಾತಿಯಲ್ಲಿ ಒಂದು ಗೇಣು ತೋಡಿ ಹಾಕಿ ಮುಚ್ಚುವುದು ಅಲ್ಲಿಗೆ ಸರಿಹೊಂದುತ್ತದೆ.

ಇನ್ನು ಹಿಂಡಿಯ ಮಾತು. ಹಾಲು ಕಡಿಮೆಯಾದೊಡನೆ ಹಿಂಡಿ ಹೆಚ್ಚು ಮಾಡುವುದು ನಮ್ಮ ಮೊದಲ ಮದ್ದು. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವಿನ ಪ್ರೋಟೀನನ್ನು ಒಡೆದು ಬರುವ ಅಮೋನಿಯಾದಿಂದ ತಮ್ಮ ದೇಹದ ಪ್ರೋಟೀನ್ ಕಟ್ಟಿಕೊಳ್ಳುತ್ತವೆ, ಆ ಸೂಕ್ಷ್ಮಜೀವಿಗಳೇ ಮುಂದೆ ಹಸುವಿಗೆ ಆಹಾರ. ಹಾಗೆ ಕಟ್ಟಿಕೊಳ್ಳಲು ಅವಕ್ಕೆ ಪಿಷ್ಟದ, ಅಂದರೆ ಶಕ್ತಿಯ ಆಸರೆ ಬೇಕು. ಶಕ್ತಿ ಸಾಲದೆ ಪ್ರೋಟೀನ್ ಮಾತ್ರ ಹೆಚ್ಚಾದರೆ ಮಿಕ್ಕ ಅಮೋನಿಯಾ ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಯೂರಿಯಾ ಆಗಿ, ಗಂಜಲದಲ್ಲಿ ಹೊರಬೀಳುತ್ತದೆ. ಬರಿಯ ಭತ್ತದ ಹುಲ್ಲು ಮತ್ತು ಕರಡದ ಜೊತೆಗೆ ಶೇಂಗಾ ಹಿಂಡಿಯನ್ನೋ ಹತ್ತಿಕಾಳಿನ ಹಿಂಡಿಯನ್ನೋ ಸುರಿದರೆ ಆಗುವುದು ಇದೇ: ದುಬಾರಿ ಹಿಂಡಿಯ ಒಂದಂಶ ಹಾಲಾಗದೆ ಕೊಟ್ಟಿಗೆಯ ಘಾಟಾಗುತ್ತದೆ. ದಿನಕ್ಕೆ ಎರಡು ಮೂರು ಲೀಟರ್ ಕೊಡುವ ಗಿಡ್ಡ ಹಸುವಿಗೂ ಹದಿನೈದು ಲೀಟರ್ ಕೊಡುವ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸುವಿಗೂ ಒಂದೇ ಡಬ್ಬಿಯಲ್ಲಿ ಅಳೆದು ಹಾಕುವ ಮನೆಗಳು ಇವೆ. ಆಹಾರದ ಪ್ರೋಟೀನ್ ಅಂಶವನ್ನು ಅಗತ್ಯಕ್ಕಿಂತ ಹೆಚ್ಚಿದ್ದಲ್ಲಿ ಶೇಕಡಾ ಒಂದು ಅಂಶ ಇಳಿಸಿದರೆ ಅಮೋನಿಯಾ ಶೇ. 5ರಿಂದ 15ರವರೆಗೆ ಇಳಿಯುತ್ತದೆ ಎಂಬುದು ಮೇಲೆ ಹೇಳಿದ ಮಾರ್ಗದರ್ಶಿಯಲ್ಲಿಯೇ ಇದೆ.

ಅಗತ್ಯಕ್ಕಿಂತ ಹೆಚ್ಚಿದೆಯೋ ಇಲ್ಲವೋ ಎಂದು ರೈತನಿಗೆ ತಿಳಿಯುವುದು ಹೇಗೆ? ಉತ್ತರ ಹಾಲಿನಲ್ಲಿಯೇ ಇದೆ. ರಕ್ತದ ಯೂರಿಯಾ ಹಾಲಿಗೂ ಇಳಿಯುವುದರಿಂದ ಹಾಲಿನಲ್ಲಿ ಸಹಜವಾಗಿಯೇ ಸ್ವಲ್ಪ ಯೂರಿಯಾ ಇರುತ್ತದೆ. ಕಲಬೆರಕೆ ಪತ್ತೆಗೆಂದು ಆಹಾರ ಸುರಕ್ಷತಾ ನಿಯಮಗಳು 100 ಮಿ.ಲೀ.ಗೆ 70 ಮಿ.ಗ್ರಾಂ ಎಂಬ ಗರಿಷ್ಠ ಮಿತಿಯನ್ನೂ ಇಟ್ಟಿವೆ. ಡೇರಿಗಳಲ್ಲಿ ಹಾಲು ಪರೀಕ್ಷಿಸುವ ಆಧುನಿಕ ಯಂತ್ರಗಳು ಈ ಅಂಶವನ್ನು ಅಳೆಯಬಲ್ಲವು. ನಮ್ಮ ಜಿಲ್ಲೆಯ ಹಾಲು ಸಂಗ್ರಹಿಸುವ ಧಾರವಾಡ ಹಾಲು ಒಕ್ಕೂಟವು ಕಲಬೆರಕೆಯ ಕಣ್ಣಿನಿಂದ ಮಾತ್ರ ನೋಡುವ ಆ ಅಂಕಿಯನ್ನು ಸಂಘವಾರು ರೈತರಿಗೆ ತಿಳಿಸಿದರೆ, ಫ್ಯಾಟ್ ಮತ್ತು ಎಸ್ಎನ್ಎಫ್ (ಕೊಬ್ಬಲ್ಲದ ಘನಾಂಶ) ಜೊತೆಗೆ ಮೂರನೆಯ ಅಂಕಿಯಾಗಿ ಅದೂ ಸಂಘದ ಫಲಕದಲ್ಲಿ ಬರೆದಿದ್ದರೆ, ಯಾವ ಊರಿನಲ್ಲಿ ಹಿಂಡಿ ವ್ಯರ್ಥವಾಗುತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಕಳೆದ ದಶಕದಲ್ಲಿ ಸಮತೋಲಿತ ಪಶು ಆಹಾರದ ಕಾರ್ಯಕ್ರಮವನ್ನು ಹಳ್ಳಿಗಳಿಗೆ ಒಯ್ದಿತ್ತು. ಅದರ ಲೆಕ್ಕಾಚಾರ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ.

ಈಗ ಸಹಾಯಧನದ ವಿಚಾರ. ಉದ್ಯೋಗ ಖಾತ್ರಿ ಯೋಜನೆಯಡಿ ವರ್ಷಗಳಿಂದ ದನದ ಕೊಟ್ಟಿಗೆಗಳಿಗೆ ನೆರವು ಸಿಕ್ಕಿದೆ. ಆ ಯೋಜನೆಯ ಮಾರ್ಗಸೂಚಿಯಲ್ಲಿ ಗಟ್ಟಿ ನೆಲ ಮತ್ತು ಗೋದಲಿಯ ಜೊತೆಗೆ ಗಂಜಲದ ತೊಟ್ಟಿಯೂ ಸ್ಪಷ್ಟವಾಗಿ ಸೇರಿತ್ತು. ಆರು ದನಗಳ ಕೊಟ್ಟಿಗೆಗೆ 250 ಲೀಟರಿನ ತೊಟ್ಟಿ ಎಂದು ಅಳತೆಯನ್ನೂ ಕೊಟ್ಟಿತ್ತು. ನಿಯಮ ಇಷ್ಟು ಚೆನ್ನಾಗಿದ್ದರೂ ನಾನು ನೋಡಿದ ಕೊಟ್ಟಿಗೆಗಳಲ್ಲಿ ಅನೇಕ ಕಡೆ ತೊಟ್ಟಿ ಇಲ್ಲ, ಕೆಲವು ಕಡೆ ಇದ್ದರೂ ಮುಚ್ಚಳವಿಲ್ಲ, ಇನ್ನು ಕೆಲವು ಕಡೆ ನೆಲದ ಇಳಿಜಾರು ತೊಟ್ಟಿಯ ದಿಕ್ಕಿಗೆ ಇರದೆ ರಸ್ತೆಯ ಚರಂಡಿಯ ದಿಕ್ಕಿಗಿದೆ. ಮೂರು ಹಸುಗಳಿದ್ದರೆ 250 ಲೀಟರ್ ತುಂಬಲು ವಾರವೊಂದು ಬೇಕು, ತೊಳೆದ ನೀರು ಅದಕ್ಕೆ ಸೇರದಂತೆ ನೋಡಿಕೊಂಡರೆ. ಅಷ್ಟರೊಳಗೆ ತೋಟಕ್ಕೆ ಒಯ್ಯುವುದು ಕಷ್ಟದ ಮಾತಲ್ಲ. ಕಾಮಗಾರಿ ಮುಗಿದ ಮೇಲೆ ಫೋಟೋ ತೆಗೆಯಲು ಬರುವವರು ಗೋಡೆಯ ಮೇಲಿನ ಫಲಕದ ಜೊತೆಗೆ ತೊಟ್ಟಿಯ ಮುಚ್ಚಳದ ಫೋಟೋವನ್ನೂ ಕಡ್ಡಾಯವಾಗಿ ತೆಗೆಯಬೇಕು, ಅದಿಲ್ಲದೆ ಕೊನೆಯ ಕಂತು ಬಿಡುಗಡೆಯಾಗಬಾರದು ಎಂಬುದು ನನ್ನ ಒತ್ತಾಯ. ಕೊಟ್ಟಿಗೆಗೆ ನೆರವು ನೀಡುವ ಯಾವ ಯೋಜನೆಗೂ, ಬ್ಯಾಂಕು ಸೊಸೈಟಿಗಳ ಹೈನು ಸಾಲಕ್ಕೂ ಇದೇ ಷರತ್ತು ಅನ್ವಯಿಸಲಿ. ನೆಲಕ್ಕೆ ಸರಿಯಾದ ಇಳಿಜಾರು, ದನದ ಹಿಂಗಾಲ ಹಿಂದೆ ಕಿರಿದಾದ ಕಾಲುವೆ, ಅದರ ತುದಿಗೆ ಮುಚ್ಚಿದ ತೊಟ್ಟಿ: ಹೊಸದಾಗಿ ಕಟ್ಟುವಾಗಲೇ ಮಾಡಿದರೆ ಒಟ್ಟು ಖರ್ಚಿನಲ್ಲಿ ಇದು ಗಣನೆಗೆ ಬರುವಷ್ಟಿಲ್ಲ. ಆಮೇಲೆ ನೆಲ ಒಡೆದು ಮಾಡಲು ಹೊರಟರೆ ಯಾರೂ ಮಾಡುವುದಿಲ್ಲ.

ಅಮೋನಿಯಾ ಯುರೋಪಿನವರ ಸಮಸ್ಯೆ, ಅದನ್ನು ಇಲ್ಲಿಗೇಕೆ ಎಳೆದು ತರುತ್ತೀರಿ ಎಂಬ ಆಕ್ಷೇಪವನ್ನು ನಿರೀಕ್ಷಿಸುತ್ತೇನೆ. ದನಗಳ ಸಾಂದ್ರತೆಯಲ್ಲಿ ನೆದರ್ಲೆಂಡ್ಸ್‌ಗೂ ನಮ್ಮ ಜಿಲ್ಲೆಗೂ ಹೋಲಿಕೆಯೇ ಇಲ್ಲ, ಒಪ್ಪುತ್ತೇನೆ. ಅಲ್ಲಿ 2019ರಲ್ಲಿ ಅತ್ಯುನ್ನತ ಆಡಳಿತ ನ್ಯಾಯಾಲಯವು ಸಾರಜನಕದ ಪರವಾನಗಿ ವ್ಯವಸ್ಥೆಯನ್ನೇ ರದ್ದುಪಡಿಸಿದ ಮೇಲೆ ರೈತರು ಟ್ರ್ಯಾಕ್ಟರುಗಳೊಡನೆ ಬೀದಿಗಿಳಿದರು. ಅಂಥ ಸ್ಥಿತಿ ಇಲ್ಲಿಗೆ ಬರುವ ಸಂಭವ ಕಾಣುವುದಿಲ್ಲ. ಆದರೂ ಕಡೆಗಣಿಸಬಾರದ ಎರಡು ಸಂಗತಿಗಳಿವೆ. ಅಮೋನಿಯಾ ಗಾಳಿಯಲ್ಲಿ ವಾಹನ ಮತ್ತು ಕಾರ್ಖಾನೆಗಳ ಹೊಗೆಯಿಂದ ಹುಟ್ಟಿದ ಆಮ್ಲಗಳೊಡನೆ ಸೇರಿ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳಾಗುತ್ತದೆ. ಜಗತ್ತಿನ ಅಮೋನಿಯಾದಲ್ಲಿ ಶೇ. 80ಕ್ಕೂ ಹೆಚ್ಚು ಬರುವುದು ಕೃಷಿ ಮತ್ತು ಪಶುಪಾಲನೆಯಿಂದ. ಗಂಗಾ ಬಯಲು ಇದರ ದೊಡ್ಡ ಕೇಂದ್ರವೆಂದು ಉಪಗ್ರಹಗಳ ಮಾಪನಗಳು ತೋರಿಸಿವೆ. ಎರಡನೆಯದು ನಮಗೆ ಹೆಚ್ಚು ಹತ್ತಿರದ್ದು. ನಮ್ಮ ದೇಶದ 2009ರ ವಾಯು ಗುಣಮಟ್ಟದ ಮಾನದಂಡದಲ್ಲಿ ಅಮೋನಿಯಾಕ್ಕೆ ಘನ ಮೀಟರಿಗೆ ವಾರ್ಷಿಕ ಸರಾಸರಿ 100 ಮೈಕ್ರೋಗ್ರಾಂ, 24 ಗಂಟೆಗೆ 400 ಮೈಕ್ರೋಗ್ರಾಂ ಮಿತಿ ಇದೆ. ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವು ಮತ್ತು ಪಾಚಿಗಳಿಗೆ ಹಾನಿ ತಟ್ಟುವ ಮಟ್ಟವೆಂದು ಯುರೋಪಿನಲ್ಲಿ ಗುರುತಿಸಿರುವುದು ವಾರ್ಷಿಕ ಸರಾಸರಿ 1 ಮೈಕ್ರೋಗ್ರಾಂ. ನಮ್ಮ ವಾರ್ಷಿಕ ಮಿತಿಗೆ ನೂರು ಪಟ್ಟು ಕೆಳಗೆ ಇದ್ದರೂ ಅಂಥ ಜೀವಿಗಳಿಗೆ ತೊಂದರೆ ಆರಂಭವಾಗಬಹುದು. ಪಶ್ಚಿಮಘಟ್ಟದ ಕಾಡಿನ ಅಂಚಿಗೇ ಕೊಟ್ಟಿಗೆಗಳಿರುವ ಜಿಲ್ಲೆಯಲ್ಲಿ, ಇಪ್ಪತ್ತು ಮೂವತ್ತು ದನಗಳ ಡೇರಿ ಫಾರ್ಮುಗಳು ಒಂದೊಂದಾಗಿ ಏಳುತ್ತಿರುವ ಈ ಹೊತ್ತಿನಲ್ಲಿ, ಇದನ್ನು ಅಳೆಯುವ ಕೆಲಸ ಶಿರಸಿಯ ಅರಣ್ಯ ಮಹಾವಿದ್ಯಾಲಯದಂಥ ಸಂಸ್ಥೆಯ ವಿದ್ಯಾರ್ಥಿಗಳಿಗೆ ತಕ್ಕ ವಿಷಯವಾಗಬಲ್ಲದು.

ಇವೆಲ್ಲಕ್ಕೂ ಮೊದಲು ಆ ಗಾಳಿಯನ್ನು ದಿನವೂ ಉಸಿರಾಡುವವರು ಮನೆಯ ಹೆಂಗಸರು. ಮಳೆಗಾಲದಲ್ಲಿ ಎರಚಲು ತಡೆಯಲು ಟಾರ್ಪಾಲು ಕಟ್ಟಿದ ಕೊಟ್ಟಿಗೆಯಲ್ಲಿ ಬಗ್ಗಿ ಸಗಣಿ ಬಾಚುವವರ ಮೂಗು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿರುತ್ತದೆ. ಕಣ್ಣುರಿ, ಗಂಟಲು ಕೆರೆತ, ಬಿಡದ ಕೆಮ್ಮು ಇವನ್ನು ಮಳೆಗಾಲದ ಶೀತವೆಂದು ಸುಮ್ಮನಾಗುವ ಮುನ್ನ ಕೊಟ್ಟಿಗೆಯ ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆ ದಾರಿ ಇದೆಯೇ ಎಂದು ನೋಡುವುದು ಒಳ್ಳೆಯದು. ಅಮೋನಿಯಾ ಗಾಳಿಗಿಂತ ಹಗುರ. ಮಾಡಿನ ಕೆಳಗಿನ ಕಿಂಡಿಯನ್ನು ಟಾರ್ಪಾಲಿನಿಂದ ಮುಚ್ಚದೆ ಬಿಟ್ಟರೆ ಒಳಗಿನ ಘಾಟು ಇಳಿಯುತ್ತದೆ. ಗಂಜಲ ನಿಲ್ಲದೆ ತೊಟ್ಟಿಗೆ ಹರಿದುಹೋದಲ್ಲಿ ಕಿಂಡಿಯಿಂದ ಹೊರಹೋಗಬೇಕಾದ ಘಾಟೂ ಅಷ್ಟು ಇರುವುದಿಲ್ಲ.

ಕೊನೆಯದಾಗಿ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದವರಲ್ಲಿ ಒಂದು ವಿನಂತಿ. ಒಂದೇ ಊರಿನ, ಒಂದೇ ಸಂಖ್ಯೆಯ ದನಗಳಿರುವ ಕೆಲವು ಕೊಟ್ಟಿಗೆಗಳನ್ನು ಆರಿಸಿ, ಅರ್ಧದಷ್ಟಕ್ಕೆ ಕಾಲುವೆ, ಮುಚ್ಚಿದ ತೊಟ್ಟಿ ಮತ್ತು ಸೋಗೆ ಹೊದೆಸಿದ ಸ್ಲರಿ ಗುಂಡಿ ಮಾಡಿಸಿ, ಉಳಿದವನ್ನು ಇದ್ದ ಹಾಗೆಯೇ ಬಿಟ್ಟು, ತೋಟಕ್ಕೆ ಹೋಗುವ ಗೊಬ್ಬರ ಮತ್ತು ಗಂಜಲದ ಸಾರಜನಕವನ್ನು ಎರಡೂ ಕಡೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಪತ್ರಿಕೆಗಳ ಮೂಲಕ ಪ್ರಕಟಿಸಬೇಕು. ನಷ್ಟ ಅತಿ ಹೆಚ್ಚಾಗುವುದು ಮಾರ್ಚ್‌ನಿಂದ ಮೇ ವರೆಗೆ ಆದ್ದರಿಂದ ಕಾಲುವೆ ತೊಟ್ಟಿಗಳ ಕೆಲಸ ಫೆಬ್ರುವರಿಯೊಳಗೆ ಮುಗಿದಿದ್ದರೆ ಮುಂದಿನ ಮುಂಗಾರಿನ ಹೊತ್ತಿಗೆ ನಮ್ಮ ಮಣ್ಣು, ನಮ್ಮ ದನ, ನಮ್ಮ ಹವೆಯದೇ ಅಂಕಿಗಳು ಕೈಯಲ್ಲಿರುತ್ತವೆ.

ಇತಿ,
ಓರ್ವ ಅಡಿಕೆ ಬೆಳೆಗಾರ ಹಾಗೂ ಹೈನುಗಾರ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ